ಸೋಯಾದಲ್ಲಿ ನೆನೆಸಿದ ಟ್ಯೂನಾ, ಜೊತೆಗೆ ಮೂಲಂಗಿ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿ ರುಚಿಯಲ್ಲಿ ಟ್ಯೂನಾ ನೆನೆಸಿ ಮೂಲಂಗಿ ಜೊತೆ ತಿನ್ನೋಣ ಅಂತ ಹೊರಟವರ ಅನುಮಾನಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಹಸಿ ಮೀನು ತಿನ್ನುವ ಯೋಚನೆ ಇದ್ದರೆ ಸುರಕ್ಷತೆಯ ಪ್ರಶ್ನೆಗಳನ್ನು ಮೊದಲು ಓದಿ. ಉಳಿದದ್ದನ್ನು ಬೇಕಾದ ಕಡೆಯಿಂದ ಓದಿಕೊಳ್ಳಬಹುದು.

ಜುಕೆ ಅಂದರೆ ಏನು? ಮಾಮೂಲಿ ಮ್ಯಾರಿನೇಟ್ ಮಾಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಹಸಿ ಟ್ಯೂನಾವನ್ನು ಸೋಯಾ ಸಾಸ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ ತಿನ್ನುವುದೇ ಜುಕೆ. ಇದು ಟೋಕಿಯೊಗೆ ಎಡೋ ಅನ್ನುವ ಹೆಸರಿದ್ದ ಕಾಲದ್ದು. 19ನೇ ಶತಮಾನದಲ್ಲಿ ಅಲ್ಲಿನ ಬೀದಿಗಳಲ್ಲಿ ಸುಶಿ ಮಾರುತ್ತಿದ್ದವರಿಗೆ ಫ್ರಿಜ್ ಇರಲಿಲ್ಲ. ಟ್ಯೂನಾ ನೋಡಿದರೆ ಬೇಗ ಕೆಡುವ ಮೀನು. ಸೋಯಾ ಸಾಸ್ ಮಾತ್ರ ಹತ್ತಿರದ ನೋದಾ, ಚೋಶಿ ಊರುಗಳಲ್ಲಿ ಧಾರಾಳವಾಗಿ ತಯಾರಾಗುತ್ತಿತ್ತು. ಮೀನನ್ನು ಅದರಲ್ಲಿ ಮುಳುಗಿಸಿಟ್ಟರೆ ಇನ್ನೊಂದಷ್ಟು ಹೊತ್ತು ಬಾಳುತ್ತಿತ್ತು, ರುಚಿಯೂ ಏರುತ್ತಿತ್ತು. ಕೊಬ್ಬಿನ ಹೊಟ್ಟೆಭಾಗಕ್ಕೆ ಸೋಯಾ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಇವತ್ತು ದುಬಾರಿಯಾಗಿರುವ ಟೊರೊ ಆಗ ಯಾರಿಗೂ ಬೇಡದ ತುಂಡಾಗಿತ್ತು.

ಈಗ ಫ್ರಿಜ್ ಇದೆ, ಆದ್ದರಿಂದ ಜುಕೆ ಮಾಡುವುದು ರುಚಿಗಾಗಿಯೇ. ಮಾಮೂಲಿ ಮ್ಯಾರಿನೇಡ್‌ನಲ್ಲಿ ಮಾಂಸವನ್ನು ಗಂಟೆಗಟ್ಟಲೆ ಬಿಟ್ಟು ಮೆತ್ತಗೆ ಮಾಡುತ್ತೇವೆ. ಟ್ಯೂನಾ ಮೊದಲೇ ಮೆತ್ತಗಿರುತ್ತದೆ, ಅದಕ್ಕೆ ಆ ಸೇವೆ ಬೇಡ. ಉಪ್ಪು ಮೇಲ್ಪದರದ ನೀರನ್ನು ಎಳೆದು ಹಾಕಿ, ಮೀನನ್ನು ಸ್ವಲ್ಪ ಬಿಗಿ ಮಾಡಿ, ರುಚಿಯನ್ನು ಒತ್ತಾಗಿಸಿದರೆ ಸಾಕು. ಇಡೀ ಅಡುಗೆ ನಿಂತಿರುವುದು ನೀರು ಮತ್ತು ಸಮಯ, ಈ ಎರಡರ ಮೇಲೆ. ಮೂಲಂಗಿಗೂ ಇದೇ ಮಾತು.

ಯಾವ ಟ್ಯೂನಾ ತರಬೇಕು?

ಜುಕೆಗೆ ಕೊಬ್ಬಿಲ್ಲದ ಕೆಂಪು ಮಾಂಸ ಬೇಕು. ಜಪಾನಿನಲ್ಲಿ ಅದನ್ನು ಅಕಾಮಿ ಅನ್ನುತ್ತಾರೆ. ಯೆಲ್ಲೋಫಿನ್ ಮತ್ತು ಬಿಗ್‌ಐ ಎರಡೂ ಚೆನ್ನಾಗಿ ಒಗ್ಗುತ್ತವೆ. ಬ್ಲೂಫಿನ್ ಸಿಕ್ಕರೆ ಅದರ ಬೆನ್ನಿನ ಭಾಗ ತಗೊಳ್ಳಿ. ಅಲ್ಬಾಕೋರ್ ಮಾಂಸ ತಿಳಿ ಬಣ್ಣದ್ದು, ಮೆತ್ತಗಿನದು, ಮೇಲ್ಮೈ ಸುಟ್ಟು ತಿನ್ನಲು ಒಳ್ಳೆಯದು. ಸ್ಕಿಪ್‌ಜಾಕ್‌ಗೆ ರಕ್ತದ ವಾಸನೆ ಸ್ವಲ್ಪ ಜಾಸ್ತಿ. ಶುಂಠಿ, ಬೆಳ್ಳುಳ್ಳಿ ಹಾಕಿದರೆ ಅದೂ ಸೊಗಸು.

ಆಯತಾಕಾರದ ಇಡೀ ಗಟ್ಟಿ ಸಿಕ್ಕರೆ ಅದನ್ನೇ ಕೊಳ್ಳಿ. ಮೊದಲೇ ಹೆಚ್ಚಿಟ್ಟ ಹೋಳುಗಳ ಎಲ್ಲ ಮೈಗೂ ಗಾಳಿ ತಾಗಿರುತ್ತದೆ, ನೀರೂ ಬಿಟ್ಟಿರುತ್ತದೆ. ಗಟ್ಟಿಯಲ್ಲಿ ಬಿಳಿ ನಾರಿನ ಗೆರೆಗಳು ದೂರ ದೂರ, ಒಂದಕ್ಕೊಂದು ಸಮನಾಗಿ ಓಡಿರಬೇಕು. ಗೆರೆಗಳು ಒತ್ತೊತ್ತಾಗಿ ಬಾಗಿ ಬಂದಿದ್ದರೆ ಅದು ಬಾಲದ ಕಡೆಯದ್ದು, ಅಗಿಯುವಾಗ ನಾರು ಸಿಗುತ್ತದೆ. ಪೊಟ್ಟಣದ ತಳದಲ್ಲಿ ಕೆಂಪು ನೀರು ನಿಂತಿದ್ದರೆ ಬಿಟ್ಟುಬಿಡಿ.

ಹಸಿ ಟ್ಯೂನಾ ತಿನ್ನುವುದು ಸುರಕ್ಷಿತವೇ?

ಸರಿಯಾದ ಮೀನು ಸರಿಯಾದ ತಂಪಿನಲ್ಲಿ ಬಂದಿದ್ದರೆ ಅಪಾಯ ಕಡಿಮೆ. ಇಲ್ಲವೇ ಇಲ್ಲ ಅನ್ನಲಾಗದು. ಇಲ್ಲಿ ನೋಡಬೇಕಾದ ವಿಷಯ ಎರಡು, ಜನ ಅವನ್ನು ಕಲಸಿಬಿಡುತ್ತಾರೆ.

ಒಂದು, ಪರಾವಲಂಬಿ ಹುಳು. ಸಮುದ್ರ ಮೀನುಗಳಲ್ಲಿ ಅನಿಸಾಕಿಸ್ ಎಂಬ ಹುಳು ಇರಬಹುದು. ಹಸಿಯಾಗಿ ಬಡಿಸುವ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ, ಇಲ್ಲವೇ ಮೈನಸ್ 35 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ ಅಲ್ಲೇ 15 ಗಂಟೆ ಇಡಬೇಕು ಎನ್ನುವುದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎಯ ಸೂಚನೆ. ಯೆಲ್ಲೋಫಿನ್, ಬಿಗ್‌ಐ, ಬ್ಲೂಫಿನ್, ಅಲ್ಬಾಕೋರ್‌ನಂಥ ಟ್ಯೂನಾಗಳಲ್ಲಿ ಈ ಹುಳುವಿನ ಕಾಟ ಕಡಿಮೆ, ಆದ್ದರಿಂದ ಅವಕ್ಕೆ ಈ ನಿಯಮದಿಂದ ವಿನಾಯಿತಿ ಇದೆ. ಸ್ಕಿಪ್‌ಜಾಕ್‌ಗೆ ಆ ವಿನಾಯಿತಿ ಇಲ್ಲ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಆಸುಪಾಸಿನಲ್ಲಿ ಇರುತ್ತದೆ, ಬಾಗಿಲು ತೆಗೆದಾಗಲೆಲ್ಲ ಏರಿಳಿಯುತ್ತದೆ. ಅದನ್ನು ನಂಬಿ ಹಸಿ ಮೀನು ತಿನ್ನುವುದು ಬೇಡ.

ಎರಡು, ಹಿಸ್ಟಮಿನ್. ಟ್ಯೂನಾ ವಿಷಯದಲ್ಲಿ ನಿಜವಾಗಿ ಹೆದರಬೇಕಾದದ್ದು ಇದಕ್ಕೆ. ಟ್ಯೂನಾ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ. ಮೀನು ಬಿಸಿಯಲ್ಲಿ ಬಿದ್ದುಕೊಂಡರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ತಿಂದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪೇರುತ್ತದೆ, ತಲೆನೋವು, ಬಾಯಲ್ಲಿ ಚುರುಚುರು, ಮೈಮೇಲೆ ದದ್ದು ಬರಬಹುದು. ನೋಡಲು ಅಲರ್ಜಿ ಥರವೇ. ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಒಮ್ಮೆ ಉಂಟಾದ ಹಿಸ್ಟಮಿನ್ ಬೇಯಿಸಿದರೂ ಹೋಗುವುದಿಲ್ಲ, ಫ್ರೀಜ್ ಮಾಡಿದರೂ ಹೋಗುವುದಿಲ್ಲ. ಮೂಗಿಗೂ ಗೊತ್ತಾಗದೆ ಇರಬಹುದು. ಇದಕ್ಕೆ ಮದ್ದು ಒಂದೇ, ಹಿಡಿದ ಕ್ಷಣದಿಂದ ತಟ್ಟೆಯ ತನಕ ಮೀನು ತಣ್ಣಗಿರಬೇಕು. ಮನೆಗೆ ಐಸ್ ಚೀಲದಲ್ಲಿ ತನ್ನಿ, 4 ಡಿಗ್ರಿಗಿಂತ ಕೆಳಗಿಡಿ.

"ಸುಶಿ ಗ್ರೇಡ್" ಎಂಬ ಚೀಟಿ ನೋಡಿ ಸಮಾಧಾನ ಪಡಬೇಡಿ. ಅಮೆರಿಕದಲ್ಲೂ ಆ ಮಾತಿಗೆ ಕಾನೂನಿನ ವ್ಯಾಖ್ಯೆ ಇಲ್ಲ, ಮಾರುವವರು ತಾವೇ ಹಾಕಿಕೊಳ್ಳುವ ಹೆಸರು ಅದು. ಹಸಿ ತಿನ್ನಲಿಕ್ಕೆಂದೇ ತಂದದ್ದಾ, ಫ್ರೀಜ್ ಆಗಿ ಬಂದದ್ದಾ, ಯಾವಾಗ ಕರಗಿಸಿದ್ದು ಅಂತ ಬಾಯಿಬಿಟ್ಟು ಕೇಳಿ. ಉತ್ತರ ತಡವರಿಸಿದರೆ ಬೇಯಿಸಿ ತಿನ್ನುವ ಅಡುಗೆಗೆ ಇರಲಿ.

ಸೋಯಾ, ವಿನೆಗರ್, ನಿಂಬೆರಸ, ವಾಸಾಬಿ ಇವೆಲ್ಲ ಕ್ರಿಮಿಗಳನ್ನು ಕೊಲ್ಲುವುದಿಲ್ವಾ?

ಇಲ್ಲ. ನೆನೆಸುವುದು ರುಚಿಗೆ ಅಷ್ಟೇ. ಹುಳುವಿಗೆ ಬೇಕಾದದ್ದು ಆಳವಾದ ಫ್ರೀಜಿಂಗ್ ಅಥವಾ ಬೆಂಕಿ.

ಗರ್ಭಿಣಿಯರು, ಮಕ್ಕಳು ತಿನ್ನಬಹುದೇ?

ಹಸಿ ಬೇಡ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಬೇಯಿಸಿದ್ದನ್ನೇ ತಿನ್ನಲಿ. ಟ್ಯೂನಾದಲ್ಲಿ ಪಾದರಸದ ಪ್ರಶ್ನೆಯೂ ಇದೆ. ದೊಡ್ಡ ಮೀನಿನಲ್ಲಿ ಅದು ಜಾಸ್ತಿ. ಗರ್ಭಿಣಿಯರು ಮತ್ತು ಮಕ್ಕಳು ಬಿಗ್‌ಐ ತಿನ್ನಬಾರದು ಎನ್ನುತ್ತದೆ ಎಫ್‌ಡಿಎ. ಡಬ್ಬಿಯಲ್ಲಿ ಬರುವ ಲೈಟ್ ಟ್ಯೂನಾ ಬಹುಪಾಲು ಸ್ಕಿಪ್‌ಜಾಕ್, ಅದರಲ್ಲಿ ಪಾದರಸ ಕಡಿಮೆ. ಕೆಳಗೆ ಬೇಯಿಸುವ ಅಡುಗೆಯೂ ಇದೆ, ಡಬ್ಬಿಯ ಟ್ಯೂನಾದ್ದೂ ಇದೆ.

ಫ್ರೀಜರ್‌ನಿಂದ ತೆಗೆದ ಗಟ್ಟಿಯನ್ನು ಕರಗಿಸುವುದು ಹೇಗೆ?

ಸುಮ್ನೆ ಹೊರಗೆ ಇಟ್ಟು ಕರಗಿಸಿದರೆ ನೀರೆಲ್ಲ ಸೋರಿ, ಬಣ್ಣ ಕೆಟ್ಟು, ಮೀನು ಸಪ್ಪೆಯಾಗುತ್ತದೆ. ಜಪಾನಿನಲ್ಲಿ ಟ್ಯೂನಾಗೆ ಬಳಸುವ ಉಪಾಯ ಬೆಚ್ಚಗಿನ ಉಪ್ಪುನೀರು. 1 ಲೀಟರ್ ನೀರಿಗೆ 30ರಿಂದ 40 ಗ್ರಾಂ ಉಪ್ಪು, ನೀರಿನ ಬಿಸಿ 40 ಡಿಗ್ರಿ. ಗಟ್ಟಿಯನ್ನು ಪೊಟ್ಟಣದಿಂದ ತೆಗೆದು ಅದರಲ್ಲಿ ಒಂದೆರಡು ನಿಮಿಷ ಮುಳುಗಿಸಿ. ಹೊರಗಿನ ಅರ್ಧ ಸೆಂಟಿಮೀಟರ್ ಮೆತ್ತಗಾಗಿ, ಒಳಗೆ ಇನ್ನೂ ಗಟ್ಟಿ ಇರುವಾಗಲೇ ತೆಗೆಯಿರಿ. ತಣ್ಣೀರಲ್ಲಿ ಥಟ್ಟನೆ ತೊಳೆದು, ಚೆನ್ನಾಗಿ ಒರೆಸಿ, ಕಿಚನ್ ಪೇಪರ್ ಸುತ್ತಿ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಕೆಲವು ಗಂಟೆ ಬಿಡಿ. ಪೇಪರ್ ಒದ್ದೆಯಾದರೆ ಬದಲಿಸಿ.

ಇಷ್ಟೆಲ್ಲ ಬೇಡ ಅನ್ನುವವರು ರಾತ್ರಿಯೇ ಫ್ರಿಜ್‌ಗೆ ಇಳಿಸಬಹುದು. ಆದರೆ ನಿರ್ವಾತ ಪೊಟ್ಟಣವಾದರೆ ಮೊದಲು ಅದನ್ನು ಕತ್ತರಿಸಿ ಗಾಳಿಯಾಡುವಂತೆ ಮಾಡಿ. ಗಾಳಿ ಇಲ್ಲದ ಪೊಟ್ಟಣದಲ್ಲಿ, ಫ್ರಿಜ್‌ನ ತಂಪಿನಲ್ಲೂ ಬೆಳೆಯಬಲ್ಲ ಒಂದು ಜಾತಿಯ ಬಾಟುಲಿನಮ್ ಎಂಬ ವಿಷಕಾರಿ ಬ್ಯಾಕ್ಟೀರಿಯಾ ಮೀನಿನಲ್ಲಿ ಇರಬಹುದು. ಮೈಕ್ರೋವೇವ್‌ನಲ್ಲಿ ಕರಗಿಸುವ ಮಾತೇ ಬೇಡ.

ಮೀನು ಕಂದು ಬಣ್ಣಕ್ಕೆ ತಿರುಗಿದೆ. ಕೆಟ್ಟಿದೆಯಾ?

ಬಣ್ಣ ಒಂದನ್ನೇ ನೋಡಿ ಹೇಳಲಾಗದು. ಟ್ಯೂನಾವನ್ನು ಕೆಂಪಾಗಿಸುವುದು ಮಯೋಗ್ಲೋಬಿನ್. ಗಾಳಿ ತಾಗುತ್ತ ಹೋದಂತೆ ಅದು ಮೆಟ್‌ಮಯೋಗ್ಲೋಬಿನ್ ಆಗಿ ಕಂದಾಗುತ್ತದೆ. ಮನೆಯ ಫ್ರೀಜರ್‌ನಲ್ಲೂ ಇದು ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ಜಪಾನಿನ ಟ್ಯೂನಾ ವ್ಯಾಪಾರದಲ್ಲಿ ಮೈನಸ್ 60 ಡಿಗ್ರಿಯ ಗೋದಾಮು ಬಳಸುವುದು ಇದಕ್ಕೇ. ಹೊರಗೆ ಮಾತ್ರ ತುಸು ಕಂದಾಗಿದ್ದು, ವಾಸನೆ ಸರಿಯಿದ್ದು, ಮುಟ್ಟಿದರೆ ಲೋಳೆ ಇಲ್ಲದಿದ್ದರೆ ಜುಕೆಗೆ ಅಡ್ಡಿಯಿಲ್ಲ. ಸೋಯಾ ಬಣ್ಣದಲ್ಲಿ ಅದು ಕಾಣಿಸುವುದೂ ಇಲ್ಲ. ಹುಳಿ ವಾಸನೆ, ಅಮೋನಿಯಾದ ಘಾಟು ಬಂದರೆ ಎಸೆಯಿರಿ.

ಉಲ್ಟಾ ಕಥೆಯೂ ಇದೆ. ಕೆಲವು ಟ್ಯೂನಾ ಎಷ್ಟು ದಿನ ಇಟ್ಟರೂ ಚೆರ್ರಿ ಕೆಂಪಾಗಿಯೇ ಉಳಿಯುತ್ತದೆ. ಅದಕ್ಕೆ ಕಾರ್ಬನ್ ಮೊನಾಕ್ಸೈಡ್ ಕೊಟ್ಟಿರುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಅವಕಾಶವಿದೆ, ಜಪಾನ್ ಮತ್ತು ಐರೋಪ್ಯ ಒಕ್ಕೂಟದಲ್ಲಿ ಇಲ್ಲ. ಆ ಅನಿಲ ವಿಷ ಎನ್ನುವುದಕ್ಕಿಂತ, ಮೀನು ಹಳತಾದರೂ ಗೊತ್ತಾಗದಂತೆ ಮರೆಮಾಚುತ್ತದೆ ಎನ್ನುವುದೇ ತಕರಾರು. ಕಣ್ಣು ಕುಕ್ಕುವಷ್ಟು ಗುಲಾಬಿಗೆಂಪಿನ ಮೀನಿಗಿಂತ ಮಂಕು ಕೆಂಪಿನದ್ದೇ ನನಗೆ ಹೆಚ್ಚು ನಂಬಿಕೆ.

ಮ್ಯಾರಿನೇಡ್‌ನ ಅಳತೆ ಹೇಳಿ.

300 ಗ್ರಾಂ ಟ್ಯೂನಾಗೆ ಸೋಯಾ ಸಾಸ್ 3 ದೊಡ್ಡ ಚಮಚ, ಮಿರಿನ್ (ಅಡುಗೆಗೆ ಬಳಸುವ ಸಿಹಿ ಅಕ್ಕಿ ಮದ್ಯ) 2 ದೊಡ್ಡ ಚಮಚ, ಸಾಕೆ (ಜಪಾನಿನ ಅಕ್ಕಿ ಮದ್ಯ) 2 ದೊಡ್ಡ ಚಮಚ. ಮೊದಲು ಮಿರಿನ್ ಮತ್ತು ಸಾಕೆಯನ್ನು ಚಿಕ್ಕ ಪಾತ್ರೆಯಲ್ಲಿ ಒಂದೆರಡು ನಿಮಿಷ ಕುದಿಸಿ. ಮೂಗಿಗೆ ಹೊಡೆಯುವ ಮದ್ಯದ ಘಾಟು ಹೋಗಬೇಕು. ಆಮೇಲೆ ಸೋಯಾ ಸುರಿದು, ಅಂಚಿನಲ್ಲಿ ಗುಳ್ಳೆ ಬಂದ ಕೂಡಲೇ ಇಳಿಸಿ. ಇದಕ್ಕೆ ನಿಕಿರಿ ಅನ್ನುತ್ತಾರೆ. ಪೂರ್ತಿ ತಣ್ಣಗಾಗಿ, ಫ್ರಿಜ್‌ನಲ್ಲೂ ಸ್ವಲ್ಪ ಹೊತ್ತು ಇದ್ದ ಮೇಲೇ ಮೀನಿಗೆ ಹಾಕಿ. ಉಗುರುಬೆಚ್ಚಗಿರುವಾಗಲೇ ಹಾಕಿದರೆ ಮೀನಿನ ಮೈ ಬಿಳಿಚಿಕೊಂಡು ಅರೆಬೆಂದ ಹಾಗಾಗುತ್ತದೆ.

ಮೂಲ ಇಷ್ಟೇ. ಇದರ ಮೇಲೆ ತುರಿದ ಶುಂಠಿ, ಹುರಿದ ಎಳ್ಳು, ಅರ್ಧ ಚಿಕ್ಕ ಚಮಚ ಎಳ್ಳೆಣ್ಣೆ, ಒಂದು ತುಂಡು ಕೊಂಬು (ಒಣಗಿಸಿದ ಕಡಲಪಾಚಿ) ಹೀಗೆ ಒಂದೋ ಎರಡೋ ಸೇರಿಸಬಹುದು. ಎಲ್ಲವನ್ನೂ ಒಟ್ಟಿಗೆ ಸುರಿದರೆ ಟ್ಯೂನಾ ಎಲ್ಲಿ ಅಂತ ಹುಡುಕಬೇಕಾಗುತ್ತದೆ. ನಿಂಬೆ, ಯುಜು, ವಿನೆಗರ್‌ನಂಥ ಹುಳಿಯನ್ನು ಮ್ಯಾರಿನೇಡ್‌ಗೆ ಹಾಕಲೇಬೇಡಿ. ಹುಳಿ ತಾಗಿದ ಟ್ಯೂನಾ ಬೂದು ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತದೆ. ಹುಳಿ ಬೇಕೆನಿಸಿದರೆ ಬಡಿಸುವಾಗ ಮೂಲಂಗಿಯ ಮೇಲೆ ಹಿಂಡಿ.

ಯಾವ ಸೋಯಾ ಸಾಸ್?

ಜಪಾನಿನ ಮಾಮೂಲಿ ಕೊಯ್ಕುಚಿ. ಅದರಲ್ಲಿ ಸುಮಾರು 16 ಶೇಕಡಾ ಉಪ್ಪಿರುತ್ತದೆ. ಉಸುಕುಚಿ ನೋಡಲು ತಿಳಿ, ಉಪ್ಪು ಮಾತ್ರ ಅದಕ್ಕಿಂತ ಜಾಸ್ತಿ. ಬಣ್ಣ ನೋಡಿ ಮೋಸಹೋಗಬೇಡಿ. ಗೋಧಿ ಒಗ್ಗದವರು ತಮಾರಿ ತಗೊಳ್ಳಬಹುದು, ಆದರೆ ಕೆಲವು ತಮಾರಿಯಲ್ಲೂ ಸ್ವಲ್ಪ ಗೋಧಿ ಇರುತ್ತದೆ, ಚೀಟಿ ಓದಿ. ಚೀನೀ ಅಡುಗೆಯ ಡಾರ್ಕ್ ಸೋಯಾ ಇದಕ್ಕೆ ಆಗುವುದಿಲ್ಲ.

ಮಿರಿನ್, ಸಾಕೆ ಇಲ್ಲದೆ ಮಾಡಬಹುದೇ? ನಮಗೆ ಮದ್ಯ ಬೇಡ.

ಖಂಡಿತ ಮಾಡಬಹುದು. ನಿಜವಾದ ಮಿರಿನ್‌ನಲ್ಲಿ ಸುಮಾರು 14 ಶೇಕಡಾ ಮದ್ಯಸಾರ ಇದೆ. ಕುದಿಸಿದರೆ ಬಹುಪಾಲು ಹೋಗುತ್ತದೆ, ಚೂರೂ ಉಳಿಯದಂತೆ ಹೋಗುತ್ತದೆ ಅನ್ನಲು ಬರುವುದಿಲ್ಲ. ಬೇಡವೇ ಬೇಡ ಅನ್ನುವವರು ಒಂದು ತುಂಡು ಕೊಂಬುವನ್ನು 4 ದೊಡ್ಡ ಚಮಚ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರಿಗೆ ಎರಡು ಚಿಕ್ಕ ಚಮಚ ಸಕ್ಕರೆ ಕರಗಿಸಿ, 3 ದೊಡ್ಡ ಚಮಚ ಸೋಯಾ ಸೇರಿಸಿ. ಮಿರಿನ್‌ನ ಹೊಳಪು ಬರುವುದಿಲ್ಲ, ರುಚಿಗೇನೂ ಕೊರತೆಯಿಲ್ಲ. ಅಂಗಡಿಯಲ್ಲಿ "ಮಿರಿನ್ ಥರದ" ಸಿಹಿ ದ್ರವ ಸಿಗುತ್ತದಲ್ಲ, ಅದರಲ್ಲಿ ಮದ್ಯಸಾರ 1 ಶೇಕಡಾಕ್ಕಿಂತ ಕಡಿಮೆ, ಸಿಹಿ ಮಾತ್ರ ಜಾಸ್ತಿ. ಅಳತೆ ತಗ್ಗಿಸಿ ಹಾಕಿ.

ಎಷ್ಟು ಹೊತ್ತು ನೆನೆಸಬೇಕು?

ಎಲ್ಲರೂ ಕೇಳುವ ಪ್ರಶ್ನೆ ಇದು, ಎಲ್ಲರೂ ಬೇಕಾದ್ದಕ್ಕಿಂತ ಜಾಸ್ತಿ ನೆನೆಸುತ್ತಾರೆ ಕೂಡ. 7–8 ಮಿಲಿಮೀಟರ್ ದಪ್ಪದ ಹೋಳುಗಳಾದರೆ 10ರಿಂದ 15 ನಿಮಿಷ. 2 ಸೆಂಟಿಮೀಟರ್ ಚೌಕದ ತುಂಡುಗಳಾದರೆ 20 ನಿಮಿಷ. ಇಡೀ ಗಟ್ಟಿಯಾದರೆ ಒಂದೆರಡು ಗಂಟೆ, ಮ್ಯಾರಿನೇಡ್‌ಗೆ ಇನ್ನಷ್ಟು ದಾಶಿ (ಕೊಂಬು, ಒಣಮೀನಿನ ತಿಳಿಸಾರು) ಅಥವಾ ನೀರು ಬೆರೆಸಿ ತೆಳು ಮಾಡಿದರೆ ರಾತ್ರಿಯಿಡೀ ಬಿಡಬಹುದು. ಎಲ್ಲವೂ ಫ್ರಿಜ್‌ನೊಳಗೇ.

ಗಡಿಯಾರ ನೋಡುವ ಜೊತೆಗೆ ಮೀನನ್ನೂ ನೋಡಿ. 10 ನಿಮಿಷವಾದ ಮೇಲೆ ಒಂದು ಹೋಳು ಎತ್ತಿ. ಅಂಚು ಕಪ್ಪುಗೆಂಪಾಗಿ ತುಸು ಪಾರದರ್ಶಕವಾಗಿರುತ್ತದೆ, ಬೆರಳಿಗೆ ಅಂಟಂಟಾಗಿ ತಾಗುತ್ತದೆ, ಮಡಿಚಿದರೆ ಮೊದಲಿನಷ್ಟು ಜೋಲುವುದಿಲ್ಲ. ಅಡ್ಡಕ್ಕೆ ಕೊಯ್ದರೆ ಹೊರಗೆ ಪೆನ್ಸಿಲ್ ಗೆರೆಯಷ್ಟು ಕಂದು, ನಡುವೆಲ್ಲ ಕೆಂಪು. ಅಲ್ಲಿಗೆ ನಿಲ್ಲಿಸಿ. ಕಂದು ಗೆರೆ ನಡುವಿನವರೆಗೂ ತಲುಪಿದರೆ ಮೀನಿನ ರುಚಿ ಹೋಗಿ ಸೋಯಾ ಮಾತ್ರ ಉಳಿಯುತ್ತದೆ, ಅಗಿದರೆ ಒಣಗಿದ ರಬ್ಬರ್.

ಮುಳುಗುವಷ್ಟು ಮ್ಯಾರಿನೇಡ್ ಬೇಕಿಲ್ಲ. ಹೋಳುಗಳನ್ನು ಅಗಲ ತಟ್ಟೆಯಲ್ಲಿ ಒಂದೇ ಪದರವಾಗಿ ಹಾಸಿ, ಮೇಲೆ ಕಿಚನ್ ಪೇಪರ್ ಹೊದಿಸಿ, ಅದರ ಮೇಲೆ ಮ್ಯಾರಿನೇಡ್ ಹಾಕಿ. ಪೇಪರ್ ಅದನ್ನು ಹೀರಿ ಎಲ್ಲ ಕಡೆ ಸಮನಾಗಿ ತಾಗಿಸುತ್ತದೆ. ತೆಗೆದ ಮೇಲೆ ಹೆಚ್ಚಿನ ಸಾಸನ್ನು ಒತ್ತಿ ಒರೆಸಿ, 10 ನಿಮಿಷ ಫ್ರಿಜ್‌ನಲ್ಲಿ ಸುಮ್ಮನೆ ಬಿಡಿ. ಮೇಲಿನ ಉಪ್ಪು ಒಳಗೆ ಹಂಚಿಕೊಳ್ಳುತ್ತದೆ. ಈ 10 ನಿಮಿಷವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಕೆಲವರು ಮೀನಿನ ಮೇಲೆ ಕುದಿನೀರು ಸುರಿಯುತ್ತಾರಲ್ಲ, ಯಾಕೆ?

ಇಡೀ ಗಟ್ಟಿಯನ್ನು ನೆನೆಸುವಾಗಿನ ಹಳೆಯ ಕ್ರಮ ಅದು. ಗಟ್ಟಿಯ ಮೇಲೆ ಬಟ್ಟೆ ಹೊದಿಸಿ ಕುದಿನೀರು ಸುರಿದು, ಮೈ ಬಿಳಿಯಾದ ತಕ್ಷಣ ಐಸ್ ನೀರಿಗೆ ಹಾಕುತ್ತಾರೆ. ತಣ್ಣಗಾದ ಮೇಲೆ ಒರೆಸಿ ನೆನೆಸುತ್ತಾರೆ. ಹೊರಪದರ ಬಿಗಿಯಾಗುವುದರಿಂದ ಸೋಯಾ ಒಮ್ಮೆಲೇ ನುಗ್ಗುವುದಿಲ್ಲ, ಮೇಲಿನ ವಾಸನೆಯೂ ತೊಳೆದುಹೋಗುತ್ತದೆ. ಹೋಳು ಮಾಡಿ ನೆನೆಸುವುದಾದರೆ ಇದರ ಅಗತ್ಯ ಇಲ್ಲ.

ಹೋಳು ಮಾಡುವುದು ಹೇಗೆ?

ಬಿಳಿ ಗೆರೆಗಳಿಗೆ ಅಡ್ಡವಾಗಿ. ಚಾಕು ಉದ್ದ ಇರಲಿ, ಹರಿತ ಇರಲಿ. ಹಿಡಿಯ ಹತ್ತಿರದ ಅಲಗಿನಿಂದ ಶುರುಮಾಡಿ ತುದಿಯವರೆಗೆ ಒಂದೇ ಸಲ ನಿಮ್ಮ ಕಡೆ ಎಳೆಯಿರಿ. ಗರಗಸದ ಹಾಗೆ ಹಿಂದೆ ಮುಂದೆ ಆಡಿಸಿದರೆ ಮೈ ಹರಿದು, ಆ ಸೀಳುಗಳಲ್ಲಿ ಸೋಯಾ ನಿಂತು ಉಪ್ಪುಪ್ಪಾಗುತ್ತದೆ.

ಇದರ ಜೊತೆ ಮೂಲಂಗಿಯೇ ಯಾಕೆ?

ಟ್ಯೂನಾ ಮೆತ್ತಗೆ, ಸೋಯಾ ಉಪ್ಪು, ಮಿರಿನ್ ಸಿಹಿ. ಎಲ್ಲವೂ ನಾಲಿಗೆಗೆ ಅಂಟಿಕೊಳ್ಳುವ ರುಚಿಗಳು. ಮೂರನೇ ತುತ್ತಿಗೇ ಬಾಯಿ ದಣಿಯುತ್ತದೆ. ಮೂಲಂಗಿ ನೀರು, ಕರುಂ ಎನ್ನುವ ಅಗಿತ ಮತ್ತು ಸಣ್ಣ ಖಾರ ಕೊಟ್ಟು ಬಾಯಿಯನ್ನು ತೊಳೆಯುತ್ತದೆ. ಅಲಂಕಾರಕ್ಕೆ ಇಟ್ಟದ್ದು ಅಂತ ಪಕ್ಕಕ್ಕೆ ಸರಿಸುವವರನ್ನು ನೋಡಿದರೆ ಬೇಜಾರಾಗುತ್ತದೆ. ನನ್ನ ಮಟ್ಟಿಗೆ ತಟ್ಟೆಯ ಅರ್ಧ ಕೆಲಸ ಅದರದ್ದೇ.

ಜಪಾನಿನಲ್ಲಿ ಬಳಸುವುದು ಡೈಕಾನ್, ಅಂದರೆ ದಪ್ಪ ಬಿಳಿ ಮೂಲಂಗಿ. ಸಿಗದಿದ್ದರೆ ಯಾವ ಬಿಳಿ ಮೂಲಂಗಿಯೂ ಆದೀತು, ಎಳೆಯದಾಗಿ, ಹಿಡಿದರೆ ಭಾರವಾಗಿ, ಬೆಂಡಾಗದೆ ಇರಬೇಕು. ಸಣ್ಣ ಕೆಂಪು ಗುಂಡು ಮೂಲಂಗಿಯನ್ನು ತೆಳುವಾಗಿ ಬಿಲ್ಲೆ ಮಾಡಿ ಹಾಕಬಹುದು. ತುರಿಯಲು ಮಾತ್ರ ಅದು ಚಿಕ್ಕದಾಯಿತು.

ತುರಿದ ಮೂಲಂಗಿ ಒಮ್ಮೆ ಸಿಹಿ, ಒಮ್ಮೆ ಕಣ್ಣೀರು ತರಿಸುವಷ್ಟು ಖಾರ. ಏಕೆ ಹೀಗೆ?

ಯಾವ ಭಾಗ ತುರಿದಿರಿ, ಹೇಗೆ ತುರಿದಿರಿ, ಎಷ್ಟು ಹೊತ್ತು ಬಿಟ್ಟಿರಿ ಎನ್ನುವುದರ ಮೇಲೆ ಅದು ಹೋಗುತ್ತದೆ. ಸೊಪ್ಪಿನ ಕಡೆಯ ಭಾಗ ಸಿಹಿ, ಬೇರಿನ ತುದಿ ಖಾರ. ಮೂಲಂಗಿ ಇಡಿಯಾಗಿ ಇರುವಾಗ ಖಾರ ಇರುವುದಿಲ್ಲ. ಜೀವಕೋಶ ಒಡೆದಾಗ ಮೈರೋಸಿನೇಸ್ ಎಂಬ ಕಿಣ್ವ ಅಲ್ಲಿರುವ ಗ್ಲುಕೋಸಿನೋಲೇಟ್ ಜೊತೆ ಸೇರಿ ಐಸೋಥಯೋಸಯನೇಟ್ ಉಂಟಾಗುತ್ತದೆ. ಸಾಸಿವೆ, ವಾಸಾಬಿಯ ಘಾಟೂ ಇದೇ ಜಾತಿಯದ್ದು. ಹೆಚ್ಚು ಜಜ್ಜಿದಷ್ಟೂ ಹೆಚ್ಚು ಖಾರ. ಮೃದು ಕೈಯಲ್ಲಿ ವೃತ್ತಾಕಾರವಾಗಿ ತುರಿದರೆ ಸೌಮ್ಯ, ಒತ್ತಿ ಜೋರಾಗಿ ಉಜ್ಜಿದರೆ ಖಾರ. ಆ ಖಾರ ನಿಲ್ಲುವುದೂ ಇಲ್ಲ, ಅರ್ಧ ಗಂಟೆ ಬಿಟ್ಟರೆ ಹಾರಿಹೋಗಿ ಒಂಥರಾ ಗಬ್ಬು ವಾಸನೆ ಉಳಿಯುತ್ತದೆ. ಅದಕ್ಕೇ ಮೂಲಂಗಿ ತುರಿಯುವುದು ಕೊನೆಯ ಕೆಲಸ ಆಗಬೇಕು, ಮೀನು ತಟ್ಟೆಗೆ ಬಂದ ಮೇಲೆ.

ತುರಿದದ್ದನ್ನು ಜರಡಿಯಲ್ಲಿ ಹಾಕಿ ತನ್ನಷ್ಟಕ್ಕೆ ನೀರು ಇಳಿಯಲು ಬಿಡಿ. ಕೈಯಲ್ಲಿ ಹಿಂಡಿ ಒಣಗಿಸಿದರೆ ಸಿಹಿ, ಖಾರ ಎರಡೂ ನೀರಿನ ಜೊತೆ ಹೋಗಿ ಬರೀ ನಾರು ಸಿಗುತ್ತದೆ. ಹಾಗೇ ಹಾಕಿದರೆ ಸಾಸ್ ನೀರಾಗುತ್ತದೆ. ಚಮಚದಲ್ಲಿ ಎತ್ತಿದಾಗ ಗುಡ್ಡೆಯಾಗಿ ನಿಂತು, ಬುಡದಲ್ಲಿ ತುಸು ನೀರು ಜಿನುಗುವಂತಿದ್ದರೆ ಸರಿ.

ಖಾರ ಇಷ್ಟಪಡುವವರಿಗೆ ಮೊಮಿಜಿ ಒರೊಶಿ ಇದೆ. ಮೂಲಂಗಿಯ ಕತ್ತರಿಸಿದ ಮುಖಕ್ಕೆ ಚಾಪ್‌ಸ್ಟಿಕ್‌ನಿಂದ ತೂತು ಮಾಡಿ, ಬೀಜ ತೆಗೆದ ಒಣಮೆಣಸಿನಕಾಯಿ ತುರುಕಿ, ಎರಡನ್ನೂ ಒಟ್ಟಿಗೆ ತುರಿಯುತ್ತಾರೆ. ತಿಳಿಗೆಂಪು ಬಣ್ಣ ಬರುತ್ತದೆ.

ದಾರದಂಥ ಬಿಳಿ ಮೂಲಂಗಿ ಎಳೆಗಳನ್ನು ಮನೆಯಲ್ಲಿ ಮಾಡಬಹುದೇ?

ವೃತ್ತಿಪರ ಬಾಣಸಿಗರು ಮೂಲಂಗಿಯನ್ನು ತಿರುಗಿಸುತ್ತ ಒಂದೇ ಉದ್ದ ಹಾಳೆಯಾಗಿ ಸುಲಿದು, ಆ ಹಾಳೆ ಸುತ್ತಿ ಸಣ್ಣಗೆ ಹೆಚ್ಚುತ್ತಾರೆ. ಆ ಸುಲಿಯುವ ಕೆಲಸಕ್ಕೆ ಕತ್ಸುರಾಮುಕಿ ಎಂದು ಹೆಸರು, ಕಲಿಯಲು ವರ್ಷಗಟ್ಟಲೆ ಬೇಕು. ಮನೆಯಲ್ಲಿ ಪೀಲರ್‌ನಿಂದ ಅಗಲ ಪಟ್ಟಿ ತೆಗೆದು, ನಾಲ್ಕೈದನ್ನು ಒಂದರ ಮೇಲೊಂದಿಟ್ಟು ಸಣ್ಣಗೆ ಹೆಚ್ಚಿದರೆ ಸಾಕು. ಐಸ್ ನೀರಿನಲ್ಲಿ 5ರಿಂದ 10 ನಿಮಿಷ ಹಾಕಿದರೆ ಎಳೆಗಳು ಗರಿಗರಿಯಾಗಿ ಸುರುಳಿಯಾಗುತ್ತವೆ. ನೀರು ಪೂರ್ತಿ ಬಸಿಯಿರಿ. ಒದ್ದೆ ಎಳೆಗಳ ಮೇಲೆ ಮೀನು ಇಟ್ಟರೆ ಅಷ್ಟು ಹೊತ್ತು ಒರೆಸಿದ್ದೆಲ್ಲ ದಂಡ.

ಮೂಲಂಗಿ ಉಪ್ಪಿನಕಾಯಿ ಥರ ಏನಾದರೂ?

ಬೇಗ ಆಗುವ ಹುಳಿಸಿಹಿ ಮೂಲಂಗಿ ಮಾಡಿ. 200 ಗ್ರಾಂ ಮೂಲಂಗಿಯನ್ನು ತೆಳು ಬಿಲ್ಲೆ ಮಾಡಿ, ಅರ್ಧ ಚಿಕ್ಕ ಚಮಚ ಉಪ್ಪು ಹಚ್ಚಿ 10 ನಿಮಿಷ ಬಿಟ್ಟು ಹಿಂಡಿ. ಅಕ್ಕಿ ವಿನೆಗರ್ 3 ದೊಡ್ಡ ಚಮಚ, ಸಕ್ಕರೆ ಒಂದೂವರೆ ದೊಡ್ಡ ಚಮಚ ಕಲಸಿ ಸುರಿಯಿರಿ. ಅರ್ಧ ಗಂಟೆಗೆ ತಿನ್ನಬಹುದು, ಮಾರನೇ ದಿನಕ್ಕೆ ಇನ್ನೂ ಚೆಂದ. ಡಬ್ಬಿ ತೆಗೆದಾಗ ಫ್ರಿಜ್ ತುಂಬ ಗಂಧಕದ ವಾಸನೆ ಬಂದರೆ ಗಾಬರಿ ಬೇಡ, ಅದು ಮೂಲಂಗಿಯ ಗುಣ. ಬಿಗಿ ಮುಚ್ಚಳ ಹಾಕಿ.

ಹೊರಗೆ ಸುಟ್ಟು ಒಳಗೆ ಹಸಿ ಇರುವ ತಟಾಕಿ ಮಾಡುವಾಗ ಮೊದಲು ನೆನೆಸಬೇಕಾ, ಮೊದಲು ಸುಡಬೇಕಾ?

ಮೊದಲು ಸುಡಿ. ಮಿರಿನ್‌ನ ಸಕ್ಕರೆ ಇರುವ ಮೀನನ್ನು ಕಾದ ಬಾಣಲೆಗೆ ಹಾಕಿದರೆ ಮೈ ಬೇಯುವ ಮೊದಲೇ ಸೀದು ಕಹಿಯಾಗುತ್ತದೆ. 4 ಸೆಂಟಿಮೀಟರ್ ದಪ್ಪದ ಗಟ್ಟಿಯನ್ನು ಚೆನ್ನಾಗಿ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಹೊಗೆಯಾಡುವಷ್ಟು ಕಾದ ಕಬ್ಬಿಣದ ಬಾಣಲೆಯಲ್ಲಿ ಪ್ರತಿ ಮಗ್ಗುಲನ್ನೂ 20ರಿಂದ 30 ಸೆಕೆಂಡು ಇಡಿ. ಐಸ್ ನೀರಿನಲ್ಲಿ ಅದ್ದಿ ತಕ್ಷಣ ತೆಗೆದು ಒರೆಸಿ. ಆಮೇಲೆ ತಣ್ಣನೆಯ ಮ್ಯಾರಿನೇಡ್‌ನಲ್ಲಿ ಅರ್ಧ ಗಂಟೆ. ಹೋಳು ಮಾಡಿ, ಮೇಲೆ ತುರಿದ ಮೂಲಂಗಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು, ಪೊನ್ಜು (ಹುಳಿಹಣ್ಣಿನ ರಸ ಬೆರೆಸಿದ ಸೋಯಾ). ಜಪಾನಿನ ಕೋಚಿ ಪ್ರಾಂತ್ಯದಲ್ಲಿ ಸ್ಕಿಪ್‌ಜಾಕ್‌ಗೆ ಇದೇ ಉಪಚಾರ, ಅಲ್ಲಿ ಹುಲ್ಲಿನ ಜ್ವಾಲೆಯಲ್ಲಿ ಸುಡುತ್ತಾರೆ. ಒಳಗೆ ಹಸಿಯೇ ಇರುವುದರಿಂದ ಸುರಕ್ಷತೆಯ ಮಾತುಗಳೆಲ್ಲ ಇದಕ್ಕೂ ಅನ್ವಯ.

ಪೂರ್ತಿ ಬೇಯಿಸಿ ಮಾಡುವ ಒಂದು ಅಡುಗೆ ಹೇಳಿ.

ಟ್ಯೂನಾ ಮತ್ತು ಮೂಲಂಗಿ ನಿಧಾನವಾಗಿ ಬೇಯಿಸಿದ್ದು. ಇಲ್ಲಿ ಮೂಲಂಗಿಯೇ ನಾಯಕ. 500 ಗ್ರಾಂ ಮೂಲಂಗಿಯ ಸಿಪ್ಪೆಯನ್ನು ದಪ್ಪಗೆ ತೆಗೆಯಿರಿ, ಸಿಪ್ಪೆಯ ಒಳಗಿನ ನಾರಿನ ಪದರವೂ ಹೋಗಬೇಕು. 2.5 ಸೆಂಟಿಮೀಟರ್ ಬಿಲ್ಲೆಗಳಾಗಿ ಕತ್ತರಿಸಿ, ಅಂಚುಗಳನ್ನು ತುಸು ಕೆರೆದು ದುಂಡಗೆ ಮಾಡಿ. ಚೂಪು ಅಂಚು ಬೇಯುವಾಗ ಒಡೆದು ರಸವನ್ನು ಕದಡುತ್ತದೆ. ಒಂದು ಮುಖಕ್ಕೆ ಆಳವಿಲ್ಲದ ಅಡ್ಡ ಉದ್ದ ಗೀರು ಹಾಕಿ. ಅಕ್ಕಿ ತೊಳೆದ ನೀರಿನಲ್ಲಿ ಸುಮಾರು 20 ನಿಮಿಷ, ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯುವ ತನಕ ಬೇಯಿಸಿ ತೊಳೆಯಿರಿ. ಕಹಿ ಹೋಗಿ ಬೆಳ್ಳಗಾಗುತ್ತದೆ.

300 ಗ್ರಾಂ ಟ್ಯೂನಾ ತುಂಡುಗಳ ಮೇಲೆ ಕುದಿನೀರು ಸುರಿದು ತಣ್ಣೀರಲ್ಲಿ ತೊಳೆದಿಡಿ. ಪಾತ್ರೆಗೆ ನೀರು 400 ಮಿಲಿಲೀಟರ್, ಸಾಕೆ 4, ಸೋಯಾ 3, ಮಿರಿನ್ 2, ಸಕ್ಕರೆ 1 ದೊಡ್ಡ ಚಮಚ, ಶುಂಠಿಯ ನಾಲ್ಕೈದು ಬಿಲ್ಲೆ. ಮೂಲಂಗಿಯನ್ನು ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸಿ, ಆಮೇಲೆ ಟ್ಯೂನಾ ಹಾಕಿ 6–7 ನಿಮಿಷ. ಮೀನಿನ ನಡುಭಾಗ 63 ಡಿಗ್ರಿ ಮುಟ್ಟಿದರೆ ಬೆಂದಂತೆ. ಇಳಿಸಿ ಅರ್ಧ ಗಂಟೆ ಹಾಗೇ ಬಿಡಿ, ಆರುತ್ತ ಆರುತ್ತ ಮೂಲಂಗಿ ರಸ ಹೀರುತ್ತದೆ. ಮತ್ತೆ ಬಿಸಿ ಮಾಡಿ ತಿನ್ನಿ. ಮೊದಲಿಂದಲೇ ಟ್ಯೂನಾ ಹಾಕಿ ಕುದಿಸಿದರೆ ಅದು ಒಣಕಟ್ಟಿಗೆಯಾಗುತ್ತದೆ.

ಅನ್ನದ ಮೇಲೆ ಹಾಕಿ ತಿನ್ನುವುದಾದರೆ ಅನ್ನ ಹೇಗಿರಬೇಕು?

ಗಿಡ್ಡ ಕಾಳಿನ, ಅಂಟುವ ಜಪಾನಿ ಅಕ್ಕಿ. ಬಿಸಿ ಬಿಸಿ ಅನ್ನ ಬೇಡ, ಮೀನು ಅರೆಬೇಯುತ್ತದೆ. ತಣ್ಣಗಿದ್ದರೂ ಗಟ್ಟಿ ಅನಿಸುತ್ತದೆ. ಮೈಬಿಸಿಯಷ್ಟು ಇರಲಿ. ಮೇಲೆ ನೋರಿ (ಒಣ ಕಡಲಪಾಚಿಯ ಹಾಳೆ) ಚೂರು, ಮೀನು, ಶಿಸೊ ಎಂಬ ಘಮದ ಎಲೆ, ಬದಿಯಲ್ಲಿ ಮೂಲಂಗಿ. ಮ್ಯಾರಿನೇಡ್ ಸುರಿಯಬೇಡಿ, ಮೀನಿನಲ್ಲಿರುವ ಉಪ್ಪೇ ಅನ್ನಕ್ಕೂ ಸಾಕು. ವಾಸಾಬಿಯನ್ನು ಮೀನಿನ ಮೇಲೆ ನೇರವಾಗಿ ಇಡಿ. ಅಂದಹಾಗೆ, ಟ್ಯೂಬ್‌ನಲ್ಲಿ ಸಿಗುವ ಅಗ್ಗದ ವಾಸಾಬಿಯಲ್ಲಿ ಹೆಚ್ಚಿನಂಶ ಹಾರ್ಸ್‌ರಾಡಿಶ್ ಎಂಬ ಬೇರೆಯೇ ಘಾಟಿನ ಬೇರು. ತುರಿದ ಮೂಲಂಗಿ ಖಾರವಾಗಿದ್ದರೆ ಅದು ಇಲ್ಲದಿದ್ದರೂ ನಡೆಯುತ್ತದೆ.

ಉಪ್ಪು ಜಾಸ್ತಿ ಆಗಿಹೋಯಿತು. ಏನು ಮಾಡಲಿ?

ನೀರಿನಲ್ಲಿ ತೊಳೆಯಬೇಡಿ, ಮೀನು ಸಪ್ಪೆಯೂ ಆಗುತ್ತದೆ, ಒದ್ದೆಯೂ ಆಗುತ್ತದೆ. ಚಿಕ್ಕ ಚೂರು ಮಾಡಿ, ಬೆಣ್ಣೆಹಣ್ಣು, ಸೌತೆಕಾಯಿ, ಮೂಲಂಗಿ ಎಳೆಗಳ ಜೊತೆ ಕಲಸಿ. ಅನ್ನ ಸ್ವಲ್ಪ ಜಾಸ್ತಿ ಹಾಕಿಕೊಳ್ಳಿ.

ಉಳಿದದ್ದನ್ನು ಎಷ್ಟು ದಿನ ಇಡಬಹುದು? ಮ್ಯಾರಿನೇಡ್ ಮತ್ತೆ ಬಳಸಬಹುದೇ?

ಹಸಿ ಜುಕೆ ಅಂದೇ ಮುಗಿಯಬೇಕು. ಮಾರನೇ ದಿನಕ್ಕೆ ಉಳಿದರೆ ಬಾಣಲೆಯಲ್ಲಿ ಪೂರ್ತಿ ಬೇಯಿಸಿ, ತುರಿದ ಮೂಲಂಗಿ ಜೊತೆ ತಿನ್ನಿ. ಅನ್ನದ ಮೇಲಿಟ್ಟು ಬಿಸಿ ದಾಶಿ ಅಥವಾ ಹಸಿರು ಚಹಾ ಸುರಿದು ತಿನ್ನುವ ಪದ್ಧತಿಯೂ ಜಪಾನಿನಲ್ಲಿದೆ, ಅಲ್ಲಿ ಮೀನು ಪೂರ್ತಿ ಬೇಯುವುದಿಲ್ಲ, ಹಾಗಾಗಿ ಅದು ಅಂದಿನ ಮೀನಿಗೆ ಮಾತ್ರ. ಹಸಿ ಮೀನು ನೆನೆದ ಮ್ಯಾರಿನೇಡನ್ನು ಇನ್ನೊಂದು ಹಸಿ ಮೀನಿಗೆ ಬಳಸಬಾರದು. ಚೆನ್ನಾಗಿ ಕುದಿಸಿ, ಮೇಲೆ ಬಂದ ನೊರೆ ತೆಗೆದು, ಅವತ್ತೇ ಬೇಯಿಸುವ ಅಡುಗೆಗೆ ಹಾಕಬಹುದು.

ಡಬ್ಬಿಯ ಟ್ಯೂನಾದಲ್ಲಿ ಇದರ ರುಚಿ ಬರುತ್ತದಾ?

ಜುಕೆಯ ರುಚಿ ಬರುವುದಿಲ್ಲ, ಅದು ಬೇರೆಯೇ ತಿನಿಸು. ಆದರೆ ಮೂಲಂಗಿ ಎಳೆಗಳ ಜೊತೆ ಡಬ್ಬಿಯ ಟ್ಯೂನಾ ಕಲಸಿದ ಸಲಾಡ್ ಜಪಾನಿನ ಮನೆಗಳಲ್ಲಿ ಮಾಮೂಲು. ಮೂಲಂಗಿಗೆ ಚಿಟಿಕೆ ಉಪ್ಪು ಹಾಕಿ ಹಿಂಡಿ, ಟ್ಯೂನಾದ ಎಣ್ಣೆ ಬಸಿದು ಸೇರಿಸಿ, ಎರಡು ಚಿಕ್ಕ ಚಮಚ ಸೋಯಾ, ಒಂದು ಚಿಕ್ಕ ಚಮಚ ವಿನೆಗರ್, ನಾಲ್ಕು ಹನಿ ಎಳ್ಳೆಣ್ಣೆ, ಇಷ್ಟವಿದ್ದರೆ ಒಂದು ಚಮಚ ಮೇಯನೇಸ್. ನೋರಿಯನ್ನು ಕೊನೆಯಲ್ಲಿ ಮುರಿದು ಹಾಕಿ. ಕಲಸಿ ಇಟ್ಟರೆ ಮೂಲಂಗಿ ಮತ್ತೆ ನೀರು ಬಿಡುತ್ತದೆ, ಆದ್ದರಿಂದ ಊಟಕ್ಕೆ ಕೂರುವ ಹೊತ್ತಿಗೇ ಕಲಸಿ.